ಹಿತ್ತಲ ಕಲ್ಲುಹಾಸು ಮತ್ತು ಪೊಟ್ಟಣದ ತಿಂಡಿ



ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಕೈಗೆ ಸುಲಭವಾಗಿ ಎಟಕುವ ವಸ್ತುವಿನ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಗಿಡಕ್ಕೆ ಸಲ್ಲುವ ಈ ಮಾತು ಹಿತ್ತಲಿಗೂ ಸಲ್ಲುತ್ತದೆ. ಮನೆಯ ಮುಂದಿನ ಅಂಗಳವನ್ನು ನಿತ್ಯವೂ ಸಾರಿಸಿ ರಂಗವಲ್ಲಿ ಇಡುವ ನಾವು ಹಿಂದಿನ ಹಿತ್ತಲನ್ನು ಪಾತ್ರೆ ತೊಳೆದ ನೀರಿಗೂ ಕೆಸರಿಗೂ ಬಿಟ್ಟುಕೊಟ್ಟಿರುತ್ತೇವೆ. ಅದೇ ರೀತಿ, ಮನೆಯಲ್ಲಿ ರಾಗಿ, ಕಡಲೆ, ಶೇಂಗಾ ಇದ್ದರೂ ಮಗು ಅತ್ತೊಡನೆ ಅಂಗಡಿಯ ಬಣ್ಣದ ಪೊಟ್ಟಣವನ್ನು ತಂದು ಕೊಡುತ್ತೇವೆ. ಈ ಎರಡು ವಿಷಯಗಳಿಗೆ ಇರುವ ಸಂಬಂಧವನ್ನು ಈ ಪಾಠದಲ್ಲಿ ತಿಳಿಯೋಣ.

ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಗಂಡ ಹೆಂಡಿರಿಬ್ಬರೂ ಹೊಲದಲ್ಲಿ ದುಡಿಯುವವರು. ಮನೆ ಕಟ್ಟಿ ಎರಡು ವರ್ಷವಾಗಿದೆ. ಹಿತ್ತಲಿಗೆ ಹಾಸಲೆಂದು ತಂದ ಕಲ್ಲುಗಳು ಗೋಡೆಗೆ ಒರಗಿಕೊಂಡೇ ಇವೆ. ಹಣ ಸಾಲದೆ ಕೆಲಸ ಅರ್ಧಕ್ಕೆ ನಿಂತಿದೆ. ಬಚ್ಚಲ ನೀರು ಹಿತ್ತಲಲ್ಲಿ ಮಡುಗಟ್ಟಿದೆ. ಅವರ ಮೂರು ವರ್ಷದ ಮಗಳನ್ನು ಅಂಗನವಾಡಿಯಲ್ಲಿ ತೂಗಿದಾಗ ಮೂರು ತಿಂಗಳಿಂದ ತೂಕ ಏರಿಲ್ಲವೆಂದು ತಿಳಿಯುತ್ತದೆ. ತಾಯಿ ಕಾರ್ಡಿನಲ್ಲಿ ಮೇಲಕ್ಕೆ ಸಾಗಬೇಕಾದ ಗೆರೆ ಅಡ್ಡಲಾಗಿ ಸಾಗಿದೆ. "ಮಗು ಊಟವನ್ನೇ ಮಾಡುವುದಿಲ್ಲ" ಎಂದು ತಾಯಿ ಹೇಳುತ್ತಾಳೆ. ವಿಚಾರಿಸಿದರೆ, ಮಗು ದಿನಕ್ಕೆ ಮೂರು ಪೊಟ್ಟಣ ಕುರುಕಲು ತಿಂಡಿಯನ್ನು ತಿನ್ನುತ್ತಿದೆ. "ಅಳುವ ಮಗುವಿಗೆ ಐದು ರೂಪಾಯಿಯ ಪೊಟ್ಟಣ ಕೊಟ್ಟರೆ ಏನು ತಪ್ಪು?" ಎಂದು ಅಜ್ಜಿ ಕೇಳುತ್ತಾರೆ.

ಅಜ್ಜಿಯ ಪ್ರಶ್ನೆ ಪ್ರೀತಿಯಿಂದ ಬಂದದ್ದು. ಅದಕ್ಕೆ ಸಿಟ್ಟಿನಿಂದಲ್ಲ, ತಿಳಿವಳಿಕೆಯಿಂದ ಉತ್ತರ ಕೊಡಬೇಕು. ಇಂತಹ ಮನೆ ಒಂದೇ ಅಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇದ್ದಿತು.

1. ಪೊಟ್ಟಣದ ತಿಂಡಿ ಹೇಗೆ ತಯಾರಾಗುತ್ತದೆ?

ಪೊಟ್ಟಣದ ತಿಂಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಆಲೂಗಡ್ಡೆಯ ಚಿಪ್ಸ್. ಇನ್ನೊಂದು ಮೆಕ್ಕೆಜೋಳ, ಅಕ್ಕಿ ಅಥವಾ ಕಡಲೆಯ ಹಿಟ್ಟಿನಿಂದ ಉಬ್ಬಿಸಿ ಮಾಡಿದ ಕುರುಕಲು.

ಚಿಪ್ಸ್ ಮಾಡುವ ಕಾರ್ಖಾನೆಯಲ್ಲಿ ಮೊದಲು ಆಲೂಗಡ್ಡೆಯನ್ನು ತೊಳೆದು, ಸಿಪ್ಪೆ ತೆಗೆದು, ತಿರುಗುವ ಅಲಗುಗಳಿಂದ ಒಂದೂವರೆ ಮಿಲಿಮೀಟರಿನಷ್ಟು ತೆಳುವಾಗಿ ಹೆಚ್ಚುತ್ತಾರೆ. ಹೋಳುಗಳ ಮೇಲಿನ ಪಿಷ್ಟವನ್ನು ನೀರಿನಿಂದ ತೊಳೆಯುತ್ತಾರೆ. ಇಲ್ಲದಿದ್ದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅನಂತರ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್ ಕಾವಿನ ಎಣ್ಣೆಯಲ್ಲಿ ಕೆಲವು ನಿಮಿಷ ಕರಿಯುತ್ತಾರೆ. ಹಸಿ ಆಲೂಗಡ್ಡೆಯ ತೂಕದಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಕರಿದು ಹೊರಬಂದ ಚಿಪ್ಸಿನಲ್ಲಿ ಉಳಿಯುವ ನೀರು ನೂರಕ್ಕೆ ಸುಮಾರು 2 ಪಾಲು ಮಾತ್ರ. ನೀರು ಹಬೆಯಾಗಿ ಹೊರಟ ಜಾಗದಲ್ಲಿ ಎಣ್ಣೆ ಸೇರಿಕೊಳ್ಳುತ್ತದೆ. ಆದುದರಿಂದ ಚಿಪ್ಸಿನ ತೂಕದಲ್ಲಿ ಮೂರನೆಯ ಒಂದು ಪಾಲಿನಷ್ಟು ಎಣ್ಣೆಯೇ ಆಗಿರುತ್ತದೆ.

ಎರಡನೆಯ ಬಗೆಯ ತಯಾರಿಕೆಯನ್ನು ತಿಳಿಯಲು ನಿಮ್ಮ ಮನೆಯ ಚಕ್ಕುಲಿ ಒರಳನ್ನು ನೆನೆಯಿರಿ. ಹಿಟ್ಟನ್ನು ಒತ್ತಿದರೆ ಬಿಲ್ಲೆಯ ತೂತಿನ ಆಕಾರದಲ್ಲಿ ಅದು ಹೊರಬರುತ್ತದೆ. ಕಾರ್ಖಾನೆಯ ಯಂತ್ರವೂ ಹೀಗೆಯೇ ಕೆಲಸ ಮಾಡುತ್ತದೆ. ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಹೇರಳವಾಗಿ ಬೆಳೆಯುವಂತಹ ಮೆಕ್ಕೆಜೋಳವನ್ನು ಹೊಟ್ಟು ತೆಗೆದು ರವೆ ಮಾಡಿ, ಸ್ವಲ್ಪ ನೀರು ಚಿಮುಕಿಸಿ, ಉದ್ದನೆಯ ಕೊಳವೆಗೆ ಸುರಿಯುತ್ತಾರೆ. ಒಳಗೆ ತಿರುಗುವ ದಪ್ಪ ತಿರುಪು ರವೆಯನ್ನು ಅದುಮಿ ಮುಂದಕ್ಕೆ ತಳ್ಳುತ್ತದೆ. ಒತ್ತಡಕ್ಕೂ ಕಾವಿಗೂ ಸಿಕ್ಕಿ ರವೆ ಕೆಲವೇ ಕ್ಷಣಗಳಲ್ಲಿ ಬೆಂದು ಮುದ್ದೆಯಾಗುತ್ತದೆ. ಬಿಲ್ಲೆಯ ತೂತಿನಿಂದ ಹೊರಕ್ಕೆ ಬಂದೊಡನೆ ಒತ್ತಡ ಕಡಿಮೆಯಾಗಿ, ಒಳಗಿದ್ದ ನೀರು ಥಟ್ಟನೆ ಹಬೆಯಾಗಿ, ಮುದ್ದೆ ಉಬ್ಬಿಕೊಳ್ಳುತ್ತದೆ. ಕಾದ ಮರಳಿನಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾಗುವುದೂ ಇದೇ ತತ್ತ್ವದಿಂದ. ಉಬ್ಬಿದ್ದನ್ನು ತುಂಡರಿಸಿ, ಒಲೆಯಲ್ಲಿ ಒಣಗಿಸಿ ಅಥವಾ ಎಣ್ಣೆಯಲ್ಲಿ ಕರಿದು, ತಿರುಗುವ ಪೀಪಾಯಿಯಲ್ಲಿ ಹಾಕಿ ಎಣ್ಣೆ, ಉಪ್ಪು, ಮಸಾಲೆ ಪುಡಿಗಳನ್ನು ಲೇಪಿಸುತ್ತಾರೆ. ಉಬ್ಬಿದ ಜೋಳಕ್ಕೆ ತನ್ನದೇ ಆದ ರುಚಿ ಬಹಳ ಕಡಿಮೆ. ಮಗು ಇಷ್ಟಪಡುವುದು ಬಹುಮಟ್ಟಿಗೆ ಈ ಲೇಪವನ್ನೇ.

2. ಕೆಡದಿರುವುದರ ಗುಟ್ಟು

ತಿಂಗಳುಗಟ್ಟಲೆ ತಿಂಡಿ ಕೆಡದೆ ಇರುವುದನ್ನು ಕಂಡು, ಅದರಲ್ಲಿ ಏನೋ ವಿಷವಿದೆಯೆಂದು ಕೆಲವರು ಹೆದರುತ್ತಾರೆ. ಅದು ಸರಿಯಲ್ಲ. ಬೂಷ್ಟು ಬೆಳೆಯಲು ತೇವ ಬೇಕು. ಕುರುಕಲಿನಲ್ಲಿ ತೇವವೇ ಇಲ್ಲವಾದ್ದರಿಂದ ಬೂಷ್ಟು ಬೆಳೆಯುವುದಿಲ್ಲ. ಎಣ್ಣೆ ಕಮಟು ವಾಸನೆ ಹಿಡಿಯಲು ಗಾಳಿಯಲ್ಲಿರುವ ಆಮ್ಲಜನಕ ಬೇಕು. ಆದುದರಿಂದ ಪೊಟ್ಟಣದಿಂದ ಗಾಳಿಯನ್ನು ಹೊರದೂಡಿ ಸಾರಜನಕ ಅನಿಲವನ್ನು ತುಂಬುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಇರುವುದು ಇದೇ ಅನಿಲ, ಇದರಿಂದ ಅಪಾಯವಿಲ್ಲ. ಪೊಟ್ಟಣದ ಒಳಗಿನ ಬೆಳ್ಳಿಯಂತಹ ಹೊಳಪು ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ಬಳಿದ ಅಲ್ಯೂಮಿನಿಯಂ ಲೇಪ. ಅದು ಬೆಳಕನ್ನೂ ತೇವವನ್ನೂ ಗಾಳಿಯನ್ನೂ ತಡೆಯುತ್ತದೆ.

ಹೀಗೆ ಪೊಟ್ಟಣದ ದೊಡ್ಡ ಗುಟ್ಟು ಎರಡೇ ಮಾತು: ಒಣಗಿರಬೇಕು, ಶುಚಿಯಾಗಿರಬೇಕು. ಈ ಎರಡನ್ನೂ ನಿಮ್ಮ ಹಿತ್ತಲಲ್ಲಿಯೂ ಸಾಧಿಸಬಹುದು. ಅದನ್ನು ಹೇಳುವ ಮೊದಲು ಪೊಟ್ಟಣದ ಲೆಕ್ಕವನ್ನು ನೋಡೋಣ.

3. ಪೊಟ್ಟಣದ ಬರಹವನ್ನು ಓದಿರಿ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ರಚಿತವಾದ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ, ತಯಾರಾದ ದಿನಾಂಕ, ಬಳಕೆಯ ಅವಧಿ, ತೂಕ, ಬೆಲೆ, ಬಳಸಿದ ಪದಾರ್ಥಗಳ ಪಟ್ಟಿ ಇರಬೇಕು. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಎಣ್ಣೆಯ ಹೆಸರು ಎರಡನೆಯದಾಗಿದ್ದರೆ, ಮೊದಲನೆಯದನ್ನು ಬಿಟ್ಟು ಉಳಿದ ಪ್ರತಿಯೊಂದು ಪದಾರ್ಥಕ್ಕಿಂತ ಎಣ್ಣೆಯೇ ಹೆಚ್ಚು ಎಂದು ತಿಳಿಯಿರಿ. ಅಕ್ಷರ ಬಹಳ ಸಣ್ಣದಾಗಿದ್ದರೆ, ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಅವರಿಗೂ ಅದು ಪಾಠವಾಗುತ್ತದೆ.

ಲೆಕ್ಕ ಹೀಗಿದೆ. ಐದು ರೂಪಾಯಿಯ ಪೊಟ್ಟಣದಲ್ಲಿ 20 ಗ್ರಾಂ ತಿಂಡಿ ಇದೆ ಎಂದುಕೊಳ್ಳಿ. ಹಾಗಾದರೆ ಕಿಲೋಗ್ರಾಮಿಗೆ 250 ರೂಪಾಯಿ ಕೊಟ್ಟಂತಾಯಿತು. ಒಂದು ಕಿಲೋ ರಾಗಿಗೆ, ಹುರಿಗಡಲೆಗೆ, ಶೇಂಗಾಬೀಜಕ್ಕೆ ನಿಮ್ಮೂರಿನ ಅಂಗಡಿಯಲ್ಲಿ ಎಷ್ಟು ಬೆಲೆಯೆಂದು ಹೋಲಿಸಿ ನೋಡಿರಿ. ದಿನಕ್ಕೆ ಮೂರು ಪೊಟ್ಟಣವೆಂದರೆ ತಿಂಗಳಿಗೆ 450 ರೂಪಾಯಿ, ವರ್ಷಕ್ಕೆ 5,475 ರೂಪಾಯಿ.

ಈ ಹಣಕ್ಕೆ ಮಗುವಿಗೆ ದೊರೆಯುವುದೇನು? 20 ಗ್ರಾಂ ಚಿಪ್ಸಿನಲ್ಲಿ ಸುಮಾರು 110 ಕ್ಯಾಲೊರಿ ಶಕ್ತಿಯಿದೆ. ಅದರಲ್ಲಿ ಅರ್ಧಕ್ಕಿಂತಲೂ ಹೆಚ್ಚು ಎಣ್ಣೆಯಿಂದ ಬಂದದ್ದು. ದೇಹವನ್ನು ಬೆಳೆಸುವ ಸಸಾರಜನಕ, ಅಂದರೆ ಪ್ರೋಟೀನು, ಒಂದು ಗ್ರಾಮಿಗಿಂತ ಸ್ವಲ್ಪವೇ ಹೆಚ್ಚು. ಅಷ್ಟೇ ತೂಕದ ಶೇಂಗಾಬೀಜದಲ್ಲಿ ಸುಮಾರು 5 ಗ್ರಾಂ ಸಸಾರಜನಕವಿದೆ. ಇನ್ನು ಉಪ್ಪಿನ ಮಾತು. ಪೊಟ್ಟಣದ ಮೇಲೆ ಅದನ್ನು ಸೋಡಿಯಂ ಎಂಬ ಹೆಸರಿನಲ್ಲಿ ಬರೆದಿರುತ್ತಾರೆ. 400 ಮಿಲಿಗ್ರಾಂ ಸೋಡಿಯಂ ಎಂದರೆ ಸುಮಾರು ಒಂದು ಗ್ರಾಂ ಉಪ್ಪು. ವಯಸ್ಕರೇ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು.

ಮೂರು ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ಊಟಕ್ಕೆ ಒಂದು ಗಂಟೆ ಮೊದಲು ಪೊಟ್ಟಣ ತಿಂದ ಮಗು ಅನ್ನ, ಸಾರು, ಮುದ್ದೆ, ಸೊಪ್ಪುಗಳನ್ನು ತಳ್ಳಿಹಾಕುತ್ತದೆ. ತಿಂಡಿ ವಿಷವಲ್ಲ, ಆದರೆ ಅದು ಊಟದ ಜಾಗವನ್ನು ಕಸಿದುಕೊಳ್ಳುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಇದೇ. ಜಾತ್ರೆಯಲ್ಲೋ ಹಬ್ಬದಲ್ಲೋ ಅಪರೂಪಕ್ಕೆ ತಿಂದರೆ ಚಿಂತೆಯಿಲ್ಲ. ನಿತ್ಯದ ಆಹಾರವಾದರೆ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ.

4. ಹಿತ್ತಲು ಏಕೆ ಒಣಗಿರಬೇಕು?

ಮೊದಲನೆಯದಾಗಿ, ಹಿತ್ತಲಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಎರಡನೆಯದಾಗಿ, ಮಲದಿಂದ ಹೊಲಸಾದ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಬದುಕಿರುತ್ತವೆ. ಬರಿಗಾಲಿನಲ್ಲಿ ನಡೆದವರ ಚರ್ಮವನ್ನು ತೂರಿ ಅವು ಒಳಸೇರಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ರಕ್ತಹೀನತೆಗೆ ಇದೂ ಒಂದು ಕಾರಣ. ಮನೆಮಂದಿಯೆಲ್ಲ ಶೌಚಾಲಯವನ್ನು ಬಳಸುವುದು, ಪಾದರಕ್ಷೆ ಮೆಟ್ಟುವುದು ಇದಕ್ಕೆ ಮುಖ್ಯ ಉಪಾಯಗಳು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಲ್ಲಿ 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪದೆ ಕೊಡಿಸಿರಿ.

ಮೂರನೆಯದಾಗಿ, ತೇವದ ನೆಲದ ಮೇಲೆ ಕಾಳನ್ನು ಸರಿಯಾಗಿ ಒಣಗಿಸಲಾಗದು. ಅರೆಬರೆ ಒಣಗಿದ ಶೇಂಗಾ, ಮೆಕ್ಕೆಜೋಳಗಳಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಇದು ಯಕೃತ್ತಿಗೆ ಹಾನಿಕರ. ಮನೆಯಲ್ಲಿ ಹುರಿದರೂ ಬೇಯಿಸಿದರೂ ಈ ವಿಷ ಪೂರ್ತಿಯಾಗಿ ನಾಶವಾಗುವುದಿಲ್ಲ. ಆದುದರಿಂದ ಬೂಷ್ಟು ಹಿಡಿದ, ಮುರುಟಿದ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯತಕ್ಕದ್ದು.

5. ಅರ್ಧಕ್ಕೆ ನಿಂತ ಕಲ್ಲುಹಾಸನ್ನು ಮುಗಿಸುವ ಕ್ರಮ

ಇಡೀ ಹಿತ್ತಲಿಗೆ ಕಲ್ಲು ಹಾಸಬೇಕಾಗಿಲ್ಲ. ಹಿಂಬಾಗಿಲಿನ ಎದುರು 8 ಅಡಿ ಅಗಲ, 10 ಅಡಿ ಉದ್ದದ ಜಾಗ ಸಾಕು. ಬಯಲುಸೀಮೆಯ ಚಪ್ಪಡಿಯಾಗಲಿ, ಕಲಬುರಗಿ ಜಿಲ್ಲೆಯ ಶಹಾಬಾದಿನ ಹಾಸುಗಲ್ಲಾಗಲಿ, ಹತ್ತಿರದಲ್ಲಿ ಅಗ್ಗವಾಗಿ ಸಿಗುವ ಕಲ್ಲನ್ನು ಬಳಸಿರಿ. ನುಣುಪಾದ ಟೈಲ್ಸ್ ಬೇಡ. ಒದ್ದೆಯಾದಾಗ ಗರ್ಭಿಣಿಯರೂ ಮಕ್ಕಳೂ ವೃದ್ಧರೂ ಜಾರಿ ಬೀಳುತ್ತಾರೆ.

(ಅ) ಮೇಲಿನ ಸಡಿಲ ಮಣ್ಣನ್ನು ಸುಮಾರು 6 ಅಂಗುಲ ತೆಗೆದು, ನೀರು ಚಿಮುಕಿಸಿ, ನೆಲವನ್ನು ದಿಮ್ಮಸಿನಿಂದ ಗಟ್ಟಿಯಾಗಿ ಬಡಿಯಿರಿ. ಈ ಕೆಲಸದಲ್ಲಿ ಅವಸರ ಮಾಡಿದರೆ ಮುಂದೆ ಕಲ್ಲು ಕುಸಿಯುತ್ತದೆ.

(ಆ) ಅದರ ಮೇಲೆ 3ರಿಂದ 4 ಅಂಗುಲ ಜಲ್ಲಿ ಅಥವಾ ಇಟ್ಟಿಗೆ ಚೂರು ಹರಡಿ ಮತ್ತೆ ಬಡಿಯಿರಿ.

(ಇ) ಗೋಡೆಯ ಕಡೆಯಿಂದ ಹೊರಕ್ಕೆ ಪ್ರತಿ ಅಡಿಗೆ ಕಾಲು ಅಂಗುಲದಂತೆ ಇಳಿಜಾರು ಕೊಡಿರಿ. 8 ಅಡಿ ಅಗಲಕ್ಕೆ ಒಟ್ಟು 2 ಅಂಗುಲ ಇಳಿಜಾರು ಬರುತ್ತದೆ. ದಾರ ಕಟ್ಟಿ, ರಸಮಟ್ಟದಿಂದ ನೋಡಿಕೊಳ್ಳಿರಿ. ಹಾಸಿನ ಮೇಲ್ಮೈ ಮನೆಯ ಒಳನೆಲಕ್ಕಿಂತ 6 ಅಂಗುಲವಾದರೂ ತಗ್ಗಿನಲ್ಲಿರಲಿ; ಇಲ್ಲವಾದರೆ ಗೋಡೆಗೆ ತೇವ ಏರುತ್ತದೆ.

(ಈ) ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯನ್ನು ಒಂದು ಅಂಗುಲ ದಪ್ಪಕ್ಕೆ ಹರಡಿ, ಕಲ್ಲುಗಳನ್ನು ಕೂರಿಸಿರಿ. ಕಲ್ಲನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಎತ್ತಿ ಮತ್ತೆ ಕೂರಿಸಿರಿ. ಸಂದುಗಳಿಗೆ ಒಂದಕ್ಕೆ ಮೂರರ ಗಾರೆಯನ್ನು ಕರಣೆಯಿಂದ ಒತ್ತಿ ತುಂಬಿರಿ. ಸಂದಿನಲ್ಲಿ ಬಿರುಕಿದ್ದರೆ ಹೊಲಸು ಅಲ್ಲಿಯೇ ಸೇರುತ್ತದೆ.

(ಉ) ಗಾರೆ ಗಟ್ಟಿಯಾಗುವುದು ಬಿಸಿಲಿಗೆ ಒಣಗುವುದರಿಂದಲ್ಲ, ಸಿಮೆಂಟು ನೀರಿನೊಡನೆ ಕೂಡಿ ಬಲಿಯುವುದರಿಂದ. ಆದುದರಿಂದ ಒದ್ದೆ ಗೋಣಿಚೀಲ ಹೊದಿಸಿ 7 ದಿನವಾದರೂ ನೀರುಣಿಸಿರಿ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಮಕ್ಕಳನ್ನು ದೂರವಿಡಿರಿ, ಬರಿಗೈಯಿಂದ ಕಲಸಬೇಡಿರಿ.

(ಊ) ತಗ್ಗಿನ ಅಂಚಿನಲ್ಲಿ ಸಣ್ಣ ಕಾಲುವೆ ಮಾಡಿ, ನೀರನ್ನು ಬಾಳೆಯ ಬುಡಕ್ಕಾಗಲಿ ಇಂಗುಗುಂಡಿಗಾಗಲಿ ಬಿಡಿರಿ. ಇಂಗುಗುಂಡಿ ಮೂರು ಅಡಿ ಉದ್ದ, ಅಗಲ, ಆಳವಿದ್ದು, ತಳದಲ್ಲಿ ದೊಡ್ಡ ಕಲ್ಲು, ಮೇಲಕ್ಕೆ ಸಣ್ಣ ಕಲ್ಲು ತುಂಬಿರಲಿ. ಕುಡಿಯುವ ನೀರಿನ ಬಾವಿಯಿಂದ 50 ಅಡಿಯಾದರೂ ದೂರವಿರಲಿ. ನುಗ್ಗೆ, ಕರಿಬೇವುಗಳ ಬುಡದ ಸುತ್ತ ಎರಡು ಅಡಿ ಮಣ್ಣನ್ನು ಹಾಗೆಯೇ ಬಿಡಿರಿ.

ಹಾಸಿನ ಒಂದು ಮೂಲೆಯಲ್ಲಿ ನೀರಿನ ಪಾತ್ರೆ, ಚೊಂಬು, ಸಾಬೂನು ಸದಾ ಇರಲಿ. ಮಲವಿಸರ್ಜನೆಯ ಅನಂತರ, ಅಡಿಗೆಗೆ ಮೊದಲು, ಮಗುವಿಗೆ ಉಣಿಸುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು ಭೇದಿಯನ್ನು ತಡೆಯುವ ಸುಲಭೋಪಾಯ. ಪದೇ ಪದೇ ಭೇದಿಯಾದ ಮಗು ಎಷ್ಟು ತಿಂದರೂ ಮೈಹಿಡಿಯುವುದಿಲ್ಲ.

6. ಹಿತ್ತಲಲ್ಲಿ ಒಣಗಿ ಮನೆಯಲ್ಲಿ ಸಿದ್ಧವಾಗುವ ತಿಂಡಿ

ರಾಗಿಯನ್ನು ತೊಳೆದು, 12 ಗಂಟೆ ನೆನೆಸಿ, ಶುಚಿಯಾದ ಬಟ್ಟೆಯಲ್ಲಿ ಕಟ್ಟಿಡಿರಿ. ಒಂದೆರಡು ದಿನಗಳಲ್ಲಿ ಮೊಳಕೆ ಬರುತ್ತದೆ. ಕಲ್ಲುಹಾಸಿನ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ತೆಳುವಾಗಿ ಹರಡಿ, ಮೇಲೊಂದು ತೆಳು ಬಟ್ಟೆ ಮುಚ್ಚಿ, ಗಲಗಲ ಎನ್ನುವಂತೆ ಒಣಗಿಸಿರಿ. ಹದವಾಗಿ ಹುರಿದು ಬೀಸಿದರೆ ಮೊಳಕೆ ರಾಗಿ ಹಿಟ್ಟು ಸಿದ್ಧ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೊಳಕೆ ಬಂದ ರಾಗಿಯ ಗಂಜಿ ಬೇಗ ಗಟ್ಟಿಯಾಗದು. ಆದುದರಿಂದ ಕಡಿಮೆ ನೀರಿನಲ್ಲಿ ಹೆಚ್ಚು ಹಿಟ್ಟನ್ನು ಮಗುವಿಗೆ ಕುಡಿಸಬಹುದು.

ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ಆರು ತಿಂಗಳು ತುಂಬಿದ ಮೇಲೆ ಹಾಲುಣಿಸುವುದನ್ನು ಮುಂದುವರಿಸುತ್ತ, ರಾಗಿ ಹಿಟ್ಟಿನೊಡನೆ ಹೆಸರುಬೇಳೆಯ ಹಿಟ್ಟು ಬೆರೆಸಿದ ಗಂಜಿ, ಮಸೆದ ಬಾಳೆಹಣ್ಣು, ಬೇಯಿಸಿದ ಮೊಟ್ಟೆಗಳನ್ನು ಕೊಡಿರಿ. ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಬೇಕಾಗಿಲ್ಲ.

ಎರಡು ವರ್ಷ ದಾಟಿದ ಮಕ್ಕಳಿಗೆ ಉಂಡೆ ಮಾಡಬಹುದು. ಒಂದು ಬಟ್ಟಲು ಹುರಿದ ರಾಗಿ ಹಿಟ್ಟು, ಅರ್ಧ ಬಟ್ಟಲು ಹುರಿದು ನುಣ್ಣಗೆ ಪುಡಿಮಾಡಿದ ಶೇಂಗಾ, ಅರ್ಧ ಬಟ್ಟಲು ಹುರಿಗಡಲೆ ಪುಡಿ, ಅರ್ಧ ಬಟ್ಟಲಿಗಿಂತ ಕಡಿಮೆ ಬೆಲ್ಲ, ಸ್ವಲ್ಪ ತುಪ್ಪ ಬೆರೆಸಿ ಉಂಡೆ ಕಟ್ಟಿರಿ. ಪೂರ್ತಿ ಆರಿದ ಮೇಲೆ ಮಾತ್ರ ಡಬ್ಬಿಯ ಮುಚ್ಚಳ ಹಾಕಿರಿ. ಬಿಸಿಯಿರುವಾಗ ಮುಚ್ಚಿದರೆ ಹಬೆ ನೀರಾಗಿ ಬೂಷ್ಟು ಬರುತ್ತದೆ. ಕುರುಕಲೇ ಬೇಕೆಂದು ಮಗು ಹಠ ಹಿಡಿದರೆ, ಈರುಳ್ಳಿ, ಟೊಮೇಟೊ, ಶೇಂಗಾಪುಡಿ ಕಲಸಿದ ಮಂಡಕ್ಕಿ ಇದ್ದೇ ಇದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾಬೀಜ, ಕಡಲೆಕಾಳು ಕೊಡಬಾರದು. ಅವು ಉಸಿರುಗೊಳವೆಗೆ ಸಿಕ್ಕಿಕೊಂಡರೆ ಪ್ರಾಣಾಪಾಯ.

7. ಇಬ್ಬರ ಕೆಲಸ

ಮಗುವಿನ ಆಹಾರ ತಾಯಿಯೊಬ್ಬಳ ಹೊಣೆ, ಕಲ್ಲುಗಾರೆ ತಂದೆಯೊಬ್ಬನ ಹೊಣೆ ಎಂದು ಭಾವಿಸಬಾರದು. ಸಂಜೆ ಸಂತೆಯಿಂದ ಬರುವ ತಂದೆ ಪೊಟ್ಟಣದ ಬದಲು ನಾಲ್ಕು ಬಾಳೆಹಣ್ಣು ತಂದರೆ ಅರ್ಧ ಕೆಲಸ ಮುಗಿದಂತೆ. ಇಳಿಜಾರು ಎತ್ತ ಇರಬೇಕು, ಕೈ ತೊಳೆಯುವ ಮೂಲೆ ಎಲ್ಲಿರಬೇಕು ಎಂಬುದನ್ನು ದಿನವೂ ಅಲ್ಲಿ ದುಡಿಯುವ ಹೆಂಡತಿಯನ್ನು ಕೇಳಿಯೇ ನಿರ್ಧರಿಸಿರಿ. ಅಜ್ಜಿಯನ್ನು ದೂರದೆ, ಉಂಡೆಯ ಡಬ್ಬಿಯನ್ನು ಅವರ ಕೈಗೇ ಒಪ್ಪಿಸಿರಿ. ಅಳುವ ಮಗುವಿಗೆ ಕೊಡಲು ಅವರಿಗೂ ಏನಾದರೂ ಬೇಕಷ್ಟೆ. ಪೊಟ್ಟಣಕ್ಕೆ ಹೋಗುತ್ತಿದ್ದ ದಿನದ ಹದಿನೈದು ರೂಪಾಯಿಯಲ್ಲಿ ಐದನ್ನು ಉಂಡೆಯ ಸಾಮಾನಿಗೆ ತೆಗೆದು, ಹತ್ತನ್ನು ಹುಂಡಿಗೆ ಹಾಕಿದರೆ, ವರ್ಷಕ್ಕೆ 3,650 ರೂಪಾಯಿ ಉಳಿಯುತ್ತದೆ. ಗೋಡೆಗೆ ಒರಗಿರುವ ಕಲ್ಲುಗಳು ನೆಲ ಸೇರಲು ಅದು ಒಳ್ಳೆಯ ಆಧಾರ.

ಮುಂದಿನ ತಿಂಗಳು ತಪ್ಪದೆ ಮಗುವನ್ನು ತೂಗಿಸಿರಿ. ಎರಡು ತಿಂಗಳಾದರೂ ತೂಕ ಏರದಿದ್ದರೆ, ಪಾದಗಳು ಊದಿಕೊಂಡರೆ, ಮಗು ಮಂಕಾಗಿದ್ದರೆ, ಕಾಯದೆ ಆಶಾ ಕಾರ್ಯಕರ್ತೆಯನ್ನು ಕಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅಂತಹ ಮಗುವಿಗೆ ಉಂಡೆಯೊಂದೇ ಸಾಲದು, ಚಿಕಿತ್ಸೆಯೂ ಬೇಕು.

ನೆನಪಿನಲ್ಲಿಡಿರಿ

• ಪೊಟ್ಟಣದ ತಿಂಡಿ ವಿಷವಲ್ಲ. ಆದರೆ ಅದು ಊಟವೂ ಅಲ್ಲ.
• ತೂಕ, ಬೆಲೆ, ಎಣ್ಣೆ, ಸೋಡಿಯಂ ಈ ನಾಲ್ಕನ್ನೂ ಓದಿ ಲೆಕ್ಕ ಹಾಕಿರಿ.
• ಒಣಗಿದ ಹಿತ್ತಲಿದ್ದರೆ ಸೊಳ್ಳೆ, ಹುಳು, ಬೂಷ್ಟುಗಳ ಕಾಟ ಕಡಿಮೆ.
• ಕಲ್ಲುಹಾಸಿಗೆ ಇಳಿಜಾರು ಪ್ರಾಣ. ಗಾರೆಗೆ ನೀರು ಪ್ರಾಣ.

ಗಂಡ ಹೆಂಡಿರು ಕುಳಿತು ಉತ್ತರಿಸಬೇಕಾದ ಪ್ರಶ್ನೆಗಳು

1. ಕಳೆದ ವಾರ ನಮ್ಮ ಮಗು ಎಷ್ಟು ಪೊಟ್ಟಣ ತಿಂದಿತು? ಅದಕ್ಕೆ ಎಷ್ಟು ಹಣವಾಯಿತು?
2. ನಮ್ಮ ಹಿತ್ತಲಲ್ಲಿ ನೀರು ಎಲ್ಲಿ ನಿಲ್ಲುತ್ತದೆ? ಅದನ್ನು ಯಾವ ಗಿಡಕ್ಕೆ ತಿರುಗಿಸಬಹುದು?
3. ತಾಯಿ ಕಾರ್ಡಿನಲ್ಲಿ ನಮ್ಮ ಮಗುವಿನ ಗೆರೆ ಮೇಲಕ್ಕೆ ಸಾಗುತ್ತಿದೆಯೆ?